ಜೋಡಿ ಸ್ಪಂಜ್ ಫಿಲ್ಟರ್: ಹಿಂಡುವ ಕ್ರಮ ಗೊತ್ತಿದ್ದರೆ ಎರಡಡಿ ಟ್ಯಾಂಕಿಗೆ ಇದೇ ಸಾಕು

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಫಿಲ್ಟರ್‌ಗಳಲ್ಲಿ ಬಹುಶಃ ಅತಿ ಅಗ್ಗದ್ದು ಈ ಜೋಡಿ ಸ್ಪಂಜ್ ಫಿಲ್ಟರ್. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಎರಡು ತೋಳಿಗೆ ಎರಡು ಕಪ್ಪು ಸ್ಪಂಜ್, ಗಾಜಿಗೆ ಅಂಟಿಸಲು ರಬ್ಬರ್ ಬಟ್ಟಲು, ಅಷ್ಟೇ. ಒಳಗೆ ಮೋಟಾರ್ ಇಲ್ಲ. ಏರ್ ಪಂಪ್ ಬೇರೆ ಕೊಳ್ಳಬೇಕು. ಸಾಮಾನ್ಯವಾಗಿ 200ರಿಂದ 400 ರೂಪಾಯಿಯೊಳಗೆ ಸಿಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಗಪ್ಪಿ, ಮೊಲ್ಲಿ, ಟೆಟ್ರಾ, ಸೀಗಡಿ ಸಾಕುವವರು ಇದಕ್ಕಿಂತ ದುಬಾರಿಯದನ್ನು ಕೊಳ್ಳುವ ಅಗತ್ಯ ಕಾಣುವುದಿಲ್ಲ.

ಪಂಪಿನ ಗಾಳಿ ಕೊಳವೆಯ ಬುಡದಿಂದ ಗುಳ್ಳೆಯಾಗಿ ಏರುವಾಗ ನೀರನ್ನೂ ಮೇಲಕ್ಕೆ ಒಯ್ಯುತ್ತದೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ಮೂಲಕ ಒಳಗೆ ಬರುತ್ತದೆ. ಕಸ ಹಿಡಿಯುವುದು ಇದರ ಚಿಕ್ಕ ಕೆಲಸ. ದೊಡ್ಡ ಕೆಲಸ ನಡೆಯುವುದು ಸ್ಪಂಜಿನ ರಂಧ್ರಗಳಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾದಿಂದ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಬಿಟ್ಟ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ಅಲ್ಪ ಪ್ರಮಾಣದಲ್ಲೂ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಫಿಲ್ಟರ್ ಕೊಂಡವರು ನೀರು ಎಷ್ಟು ಹೊಳೆಯುತ್ತಿದೆ ಎಂದು ನೋಡದೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇವೆಯೇ ಎಂದು ನೋಡಬೇಕು. ಹನಿ ಹಾಕಿ ಬಣ್ಣ ಹೋಲಿಸುವ ಟೆಸ್ಟ್ ಕಿಟ್ ಫಿಲ್ಟರ್‌ಗಿಂತ ದುಬಾರಿ, ಆದರೂ ಕೊಳ್ಳಲೇಬೇಕು.

ಜೋಡಿಸುವಾಗ ಗಮನಿಸಬೇಕಾದ ಸಂಗತಿಗಳಿವೆ. ಹೊಸ ಸ್ಪಂಜಿನಲ್ಲಿ ಗಾಳಿ ತುಂಬಿರುವುದರಿಂದ ಇಟ್ಟ ಕೂಡಲೇ ತೇಲುತ್ತದೆ. ನೀರಿನೊಳಗೇ ನಾಲ್ಕಾರು ಸಲ ಹಿಸುಕಿ ಗಾಳಿ ಬಿಡಿಸಬೇಕು. ಮೇಲೇರುವ ಕೊಳವೆ ಉದ್ದವಿದ್ದಷ್ಟೂ ನೀರು ಹೆಚ್ಚು ಎತ್ತುತ್ತದೆ, ಹಾಗಾಗಿ ಅದರ ಬಾಯಿ ನೀರಿನ ಮಟ್ಟದ ಸಮೀಪವೇ ಇರಲಿ. ಗಾಳಿ ಹೆಚ್ಚು ಬಿಟ್ಟರೆ ಫಿಲ್ಟರ್ ಚೆನ್ನಾಗಿ ಓಡುತ್ತದೆ ಎಂಬುದು ತಪ್ಪು ಎಣಿಕೆ. ಒಂದು ಮಿತಿ ದಾಟಿದರೆ ಕೊಳವೆಯ ತುಂಬ ಗಾಳಿಯೇ ತುಂಬಿ ಗಲಾಟೆ ಹೆಚ್ಚುತ್ತದೆ, ನೀರು ಏರುವುದು ಕಡಿಮೆಯಾಗುತ್ತದೆ. ಕೊಳವೆಯೊಳಗೆ ಹಿಡಿಸುವ ಸಣ್ಣ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ರಂಧ್ರದ ಕಲ್ಲು) ಸೇರಿಸಿದರೆ ಗುಳ್ಳೆ ನುಣ್ಣಗಾಗಿ, ಗುಳುಗುಳು ಸದ್ದು ತಗ್ಗುತ್ತದೆ, ನೀರಿನ ಓಟ ಸುಧಾರಿಸುತ್ತದೆ. ಮಲಗುವ ಕೋಣೆಯಲ್ಲಿ ಟ್ಯಾಂಕ್ ಇಟ್ಟವರಿಗೆ ಇದು ಬೇಕೇ ಬೇಕು.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಆಗದಿದ್ದರೆ ಏರ್ ಟ್ಯೂಬಿನ ನಡುವೆ ಚೆಕ್ ವಾಲ್ವ್, ಅಂದರೆ ಒಂದೇ ಕಡೆಗೆ ಹರಿಯಲು ಬಿಡುವ ಕವಾಟ, ಹಾಕಿ. ಕರೆಂಟ್ ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ, ಅಲ್ಲಿಂದ ಪ್ಲಗ್ಗಿನವರೆಗೂ ಹೋಗಬಹುದು. ವಾಲ್ವ್ ಹಾಕುವ ಮುಂಚೆ ಎರಡೂ ಕಡೆಯಿಂದ ಬಾಯಲ್ಲಿ ಊದಿ ನೋಡಿ: ಗಾಳಿ ಒಂದೇ ಕಡೆಗೆ ಹೋಗಬೇಕು, ಹೋಗುವ ಕಡೆ ಟ್ಯಾಂಕಿನತ್ತ ಇರಬೇಕು. ತಿರುಗುಮುರುಗಾಗಿ ಹಾಕಿ, ಗುಳ್ಳೆ ಬರುತ್ತಿಲ್ಲ ಎಂದು ಪಂಪನ್ನು ವಾಪಸ್ ತರುವವರು ಬಹಳ.

ಕರೆಂಟ್ ಕೈಕೊಡುವ ಊರುಗಳಲ್ಲಿ ಈ ಫಿಲ್ಟರ್ ದುಬಾರಿ ಕ್ಯಾನಿಸ್ಟರ್‌ಗಿಂತ ಮೇಲು. ಕ್ಯಾನಿಸ್ಟರ್ ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿ. ಹರಿವು ನಿಂತ ಕೆಲವು ಗಂಟೆಗಳಲ್ಲಿ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಕರೆಂಟ್ ಬಂದೊಡನೆ ಆ ಕೊಳೆತ ನೀರು ಟ್ಯಾಂಕಿಗೆ ಸುರಿಯುತ್ತದೆ. ಸ್ಪಂಜ್ ಇರುವುದು ಟ್ಯಾಂಕಿನ ನೀರಿನಲ್ಲೇ ಆದ್ದರಿಂದ ಹೆಚ್ಚು ಹೊತ್ತು ತಾಳುತ್ತದೆ. ಬ್ಯಾಟರಿಯಿಂದ ಓಡುವ ಏರ್ ಪಂಪನ್ನು ಅದೇ ಟ್ಯೂಬಿಗೆ ಸಿಕ್ಕಿಸಿದರೆ ಫಿಲ್ಟರ್ ಮತ್ತೆ ಶುರು.

ಇನ್ನು ಹಿಂಡುವ ವಿಚಾರ. ಈ ಫಿಲ್ಟರ್ ಕೆಲಸಕ್ಕೆ ಬರಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ತಿಳಿ ನೀರು ಬರುವ ತನಕ ತೊಳೆಯುತ್ತಾರೆ. ನಲ್ಲಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ತಿಂಗಳುಗಟ್ಟಲೆ ಬೆಳೆದದ್ದರಲ್ಲಿ ಬಹಳಷ್ಟು ಹೀಗೆ ಹೋಗಬಹುದು. ಹಾಗಾದರೆ ಕೆಲವು ದಿನದಲ್ಲಿ ನೀರು ಹಾಲಿನಂತೆ ಮಸುಕಾಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಅಂಗಡಿಗೆ ಓಡಿ ನೀಲಿ ಔಷಧಿ ತಂದು ಸುರಿದರೆ ಇನ್ನೂ ಕೆಡುತ್ತದೆ, ಏಕೆಂದರೆ ಮಿಥಿಲೀನ್ ಬ್ಲೂ ಅಳಿದುಳಿದ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಔಷಧಿ ಕೊಡಲೇಬೇಕಾದರೆ ಮೀನನ್ನು ಬೇರೆ ಪಾತ್ರೆಗೆ ಹಾಕಿ ಕೊಡಿ.

ಸರಿಯಾದ ಕ್ರಮ ಹೀಗೆ. ಎರಡಡಿ ಟ್ಯಾಂಕಿನ ಲೆಕ್ಕದ ನೀರು 56 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜಕ್ಕೂ 45 ಲೀಟರ್ ಆಸುಪಾಸು. ವಾರಕ್ಕೊಮ್ಮೆ ಅದರ ಕಾಲುಭಾಗ, ಅಂದರೆ 11–12 ಲೀಟರ್ ನೀರನ್ನು ಸೈಫನ್ ಟ್ಯೂಬಿನಿಂದ ತಳದ ಕಸದ ಸಮೇತ ಬಕೆಟ್ಟಿಗೆ ತೆಗೆಯಿರಿ. ಸ್ಪಂಜ್ ಹಿಂಡುವ ವಾರ ಪಂಪ್ ಆಫ್ ಮಾಡಿ, ಒಂದು ಸ್ಪಂಜನ್ನು ಮಾತ್ರ ಬಿಡಿಸಿ. ನೀರಿನೊಳಗೆ ಬರಿದೇ ಎಳೆದರೆ ಹಿಡಿದ ಕಸವೆಲ್ಲ ಟ್ಯಾಂಕಿಗೇ ವಾಪಸ್, ಆದ್ದರಿಂದ ಅದರ ಸುತ್ತ ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ತನ್ನಿ. ಬಕೆಟ್ಟಿನ ಹಳೇ ನೀರಿನಲ್ಲಿ ನಾಲ್ಕೈದು ಸಲ ಹಿಂಡಿ. ಸ್ಪಂಜ್ ಕಂದಾಗಿಯೇ ಉಳಿಯುತ್ತದೆ, ಉಳಿಯಲಿ. ನೀರು ಸರಾಗ ಹೋಗುವಷ್ಟಾದರೆ ಸಾಕು. ಎರಡು ವಾರ ಬಿಟ್ಟು ಇನ್ನೊಂದನ್ನು ಹಿಂಡಿ. ಎರಡನ್ನೂ ಒಂದೇ ದಿನ ಮುಟ್ಟದಿರುವ ಅನುಕೂಲಕ್ಕಾಗಿಯೇ ಒಂಟಿ ಸ್ಪಂಜಿಗಿಂತ ಜೋಡಿ ಕೊಳ್ಳಬೇಕೆನ್ನುವುದು. ಹಿಂಡಿದ ಮೇಲೆ ಹಿಗ್ಗದೆ ಮುದ್ದೆಯಾಗಿ ಉಳಿಯುವ ತನಕ ಸ್ಪಂಜ್ ಬದಲಿಸಬೇಕಿಲ್ಲ. ತಿಂಗಳಿಗೊಮ್ಮೆ ಕಾರ್ಟ್ರಿಜ್ ಎಸೆದು ಹೊಸದು ಹಾಕಿ ಎನ್ನುವ ಫಿಲ್ಟರ್‌ಗಳು ಕಾರ್ಟ್ರಿಜ್ ಜೊತೆ ಬ್ಯಾಕ್ಟೀರಿಯಾವನ್ನೂ ಎಸೆಯಲು ಹೇಳುತ್ತವೆ.

ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ, ಅಥವಾ ಅಗಲ ಬಾಯಿಯ ಬಕೆಟ್ಟಿನಲ್ಲಿ ಏರ್ ಸ್ಟೋನ್ ಬಿಟ್ಟು ಒಂದು ದಿನ ಇಡಿ. ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ, ಆದರೆ ಬೆಂಗಳೂರು, ಕೋಲಾರದ ಕಡೆ ಅದು ಗಡಸು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಹಲವೆಡೆ 8ರ ಹತ್ತಿರ. ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ವಿಷಕಾರಿ ರೂಪ ಸುಮಾರು ಶೇ. 0.5, ಪಿಎಚ್ 8ಕ್ಕೆ ಏರಿದರೆ ಶೇ. 5ರಷ್ಟು. ಕಿಟ್‌ನಲ್ಲಿ ಬಣ್ಣ ಒಂದೇ ಕಂಡರೂ ಬೋರ್‌ವೆಲ್ ನೀರಿನ ಟ್ಯಾಂಕಿನಲ್ಲಿ ಅಪಾಯ ಹತ್ತು ಪಟ್ಟು. ಮಲೆನಾಡು, ಕರಾವಳಿಯ ಬಾವಿ ನೀರಿನದು ಬೇರೆ ತೊಂದರೆ. ಅದು ಮೆದು ನೀರು. ಬ್ಯಾಕ್ಟೀರಿಯಾ ತನ್ನ ಕೆಲಸದಲ್ಲಿ ನೀರಿನ ಕಾರ್ಬೊನೇಟನ್ನು ಖರ್ಚು ಮಾಡುತ್ತದೆ, ಅದು ತೀರಿದರೆ ಪಿಎಚ್ ಕುಸಿಯುತ್ತದೆ, 6ರ ಕೆಳಗಿಳಿದರೆ ಫಿಲ್ಟರ್ ಮಂದವಾಗುತ್ತದೆ. ಕೆಲವು ಮಾದರಿಗಳಲ್ಲಿ ಸ್ಪಂಜಿನ ಕೆಳಗೆ ಸೆರಾಮಿಕ್ ರಿಂಗ್ ಹಾಕುವ ಪುಟ್ಟ ಡಬ್ಬಿಗಳಿರುತ್ತವೆ. ಅಲ್ಲಿ ಹವಳದ ಚೂರು ತುಂಬಿದರೆ ನಿಧಾನಕ್ಕೆ ಕರಗಿ ಕೊರತೆ ನೀಗಿಸುತ್ತದೆ. ಆ ಕಡೆಯವರು ಡಬ್ಬಿ ಇರುವ ಮಾದರಿಯನ್ನೇ ಕೊಳ್ಳಲಿ.

ಹೊಸ ಫಿಲ್ಟರ್ ಹಾಕಿದ ಮರುದಿನವೇ ಮೀನು ತುಂಬಬೇಡಿ. ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನಿಲ್ಲದ ಟ್ಯಾಂಕಿಗೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಹಾಕಿದರೆ 24 ಗಂಟೆಯಲ್ಲಿ ಅದೂ ನೈಟ್ರೈಟೂ ಸೊನ್ನೆಗೆ ಇಳಿಯುವ ಹಂತ ಬಂದಾಗ ಫಿಲ್ಟರ್ ಸಿದ್ಧ. ರೋಗವಿಲ್ಲದ ಹಳೇ ಟ್ಯಾಂಕಿನಲ್ಲಿ ಹೊಸ ಸ್ಪಂಜನ್ನು ಒಂದೂವರೆ ತಿಂಗಳು ಓಡಿಸಿ ತಂದರೆ ಈ ಕಾಯುವಿಕೆ ತಪ್ಪುತ್ತದೆ.

ಕೊರತೆಗಳೂ ಇವೆ. ನೀರಿನಲ್ಲಿ ತೇಲುವ ಸಣ್ಣ ಧೂಳನ್ನು ಇದು ಅಷ್ಟಾಗಿ ಹಿಡಿಯುವುದಿಲ್ಲ. ಗಾಜಿನಂಥ ನೀರು ಬೇಕೆನ್ನುವವರಿಗೆ ನಿರಾಸೆ. ಸಣ್ಣ ಟ್ಯಾಂಕಿನಲ್ಲಿ ಜಾಗ ತಿನ್ನುತ್ತದೆ, ಗಿಡದ ಹಿಂದೆ ಮರೆಮಾಡಬೇಕು. ಗೋಲ್ಡ್‌ಫಿಶ್, ಆಸ್ಕರ್‌ನಂಥ ಹೆಚ್ಚು ಹೊಲಸು ಮಾಡುವ ಮೀನಿಗೆ ಇದೊಂದೇ ಸಾಲದು. ಪಶ್ಚಿಮಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್‌ಗೆ ಹರಿವು ಬೇಕು, ಇದರ ಹರಿವು ಅದಕ್ಕೆ ಸಾಲುವುದಿಲ್ಲ. ಮರಿಗಳಿಗೂ ಸೀಗಡಿಗೂ ಮಾತ್ರ ಈ ನಿಧಾನವೇ ಒಳ್ಳೆಯದು: ಎಳೆದುಕೊಂಡು ನುಂಗುವ ಬಾಯಿ ಇಲ್ಲ, ಸ್ಪಂಜಿನ ಮೇಲೆ ಬೆಳೆದದ್ದನ್ನು ಅವು ದಿನವಿಡೀ ಮೇಯುತ್ತವೆ.

ಕೊಳ್ಳುವಾಗ ಸ್ಪಂಜನ್ನು ಬೆರಳಲ್ಲಿ ಒತ್ತಿ ನೋಡಿ. ರಂಧ್ರ ಕಣ್ಣಿಗೆ ಕಾಣುವಷ್ಟಿರಬೇಕು. ಪಾತ್ರೆ ತೊಳೆಯುವ ಸ್ಪಂಜಿನಷ್ಟು ನುಣುಪಾದದ್ದು ವಾರದಲ್ಲೇ ಕಟ್ಟಿಕೊಳ್ಳುತ್ತದೆ. ರಬ್ಬರ್ ಬಟ್ಟಲು ಕಾಲಕ್ರಮೇಣ ಗಡಸಾಗಿ ಗಾಜು ಬಿಡುತ್ತದೆ, ಬುಡದಲ್ಲಿ ಭಾರವಿರುವ ಮಾದರಿ ಸಿಕ್ಕರೆ ಆ ಗೋಳಿಲ್ಲ. ಪಂಪ್ ಎರಡು ಬಾಯಿಯದಿರಲಿ. ಗುಳ್ಳೆ ಕ್ಷೀಣಿಸಿದರೆ ಏರ್ ಸ್ಟೋನ್ ಕಟ್ಟಿದೆಯೇ, ಟ್ಯೂಬ್ ಮಡಚಿದೆಯೇ, ಚೆಕ್ ವಾಲ್ವ್ ಅಂಟಿಕೊಂಡಿದೆಯೇ, ಪಂಪಿನ ತಳದಲ್ಲಿ ಗಾಳಿ ಸೋಸುವ ಬಟ್ಟೆಯ ಬಿಲ್ಲೆ ಧೂಳು ಹಿಡಿದಿದೆಯೇ, ಇದೇ ಕ್ರಮದಲ್ಲಿ ನೋಡಿ. ಎಲ್ಲವೂ ಸರಿಯಿದ್ದರೆ ಒಳಗಿನ ರಬ್ಬರ್ ಡಯಾಫ್ರಂ ಹರಿದಿರುತ್ತದೆ. ಅದು ಬಿಡಿಯಾಗಿ ಸಿಗುವ ಪಂಪನ್ನೇ ಮೊದಲು ಆರಿಸಿಕೊಂಡಿದ್ದರೆ ಪೂರ್ತಿ ಪಂಪ್ ಬದಲಿಸಬೇಕಾಗಿಲ್ಲ.