ನಾಲ್ಕು ಮನೆ, ಮೂರು ಶಿಫ್ಟಿಂಗ್: ಒಂದೇ ಕಂಪನಿಯ ಬ್ರಾಡ್‌ಬ್ಯಾಂಡ್, ಲ್ಯಾಂಡ್‌ಲೈನ್ ಆರು ವರ್ಷ ಬಳಸಿದ ಮೇಲೆ

2019ರಲ್ಲಿ ರಾಜಾಜಿನಗರದ ಬಾಡಿಗೆ ಮನೆಗೆ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿದೆವು. ಅದರ ಜೊತೆಗೇ ಲ್ಯಾಂಡ್‌ಲೈನ್ ಬಂತು. ಆಮೇಲೆ 2021ರಲ್ಲಿ ವಿಜಯನಗರ, 2023ರಲ್ಲಿ ಕೆಂಗೇರಿ ಉಪನಗರ, 2025ರಲ್ಲಿ ಮೈಸೂರಿನ ಕುವೆಂಪುನಗರ. ಪ್ರತಿ ಸಲವೂ ಅದೇ ಕಂಪನಿಯಲ್ಲಿ ಶಿಫ್ಟಿಂಗ್ ಮಾಡಿಸಿದ್ದೇವೆ. ಸ್ಪೀಡ್ ಎಷ್ಟು ಬರುತ್ತದೆ, ಬಿಲ್ ಎಷ್ಟು ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮನೆ ಬದಲಾಯಿಸಿದಾಗ ಏನಾಗುತ್ತದೆ ಅಂತ ಬರೆದವರು ನಾನು ಹುಡುಕಿದಾಗ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹೇಳುವುದಿಲ್ಲ. ಕಂಪನಿ ಒಂದೇ ಆದರೂ ಒಂದೊಂದು ಏರಿಯಾದಲ್ಲಿ ಒಂದೊಂದು ತರ ಇತ್ತು. ಹೆಸರು ನೋಡಿ ಒಳ್ಳೆಯದು, ಕೆಟ್ಟದ್ದು ಅಂತ ತೀರ್ಮಾನ ಮಾಡಿದರೆ ನಿಮಗೆ ಉಪಯೋಗವಾಗುವುದಿಲ್ಲ.

ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕೆ ಅಂತ ಕೇಳಬಹುದು. ನಮ್ಮ ಮನೆಯಲ್ಲಿ ಅದು ಅಮ್ಮನಿಗಾಗಿ. ಅವರಿಗೆ ಕಿವಿ ಸ್ವಲ್ಪ ಮಂದ. ಮೊಬೈಲ್‌ನಲ್ಲಿ ಮಾತು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಹಳೆ ಫೋನಿನ ದಪ್ಪ ರಿಸೀವರ್ ಕಿವಿಗೆ ಒತ್ತಿ ಹಿಡಿದುಕೊಂಡರೆ ಸಲೀಸಾಗಿ ಒಂದು ಗಂಟೆ ಮಾತಾಡುತ್ತಾರೆ. ಗ್ಯಾಸ್ ಏಜೆನ್ಸಿ, ಪೆನ್ಷನ್ ಬರುವ ಬ್ಯಾಂಕು, ಕಣ್ಣಿನ ಡಾಕ್ಟರ ಕ್ಲಿನಿಕ್, ನೆಂಟರು, ಎಲ್ಲರ ಹತ್ತಿರ ಇರುವುದು ಆ ಒಂದೇ ನಂಬರು. ತುಮಕೂರಿನಿಂದ ದೊಡ್ಡಮ್ಮ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಾರೆ. ಅದು ತಪ್ಪಿದರೆ ಇಬ್ಬರಿಗೂ ದಿನ ಶುರುವಾಗುವುದಿಲ್ಲ.

ಮೊದಲ ಶಿಫ್ಟಿಂಗ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ರಾಜಾಜಿನಗರದಿಂದ ವಿಜಯನಗರ ಎಷ್ಟು ದೂರ? ಫೋನ್ ಮಾಡಿ ಹೊಸ ವಿಳಾಸ ಕೊಟ್ಟೆ. ಬಾಡಿಗೆ ಕರಾರಿನ ಫೋಟೋ ಕೇಳಿದರು, ಕಳಿಸಿದೆ. 500 ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 590 ಆಯಿತು. ಮೋಡೆಮ್ ನಾವೇ ಒಯ್ದೆವು. ಮೂರನೇ ದಿನ ನೆಟ್ಟು, ಫೋನು ಎರಡೂ ಬಂದವು, ನಂಬರೂ ಅದೇ. ಮೋಡೆಮ್ ಅದೇ ಆದ್ದರಿಂದ ವೈಫೈ ಹೆಸರು, ಪಾಸ್‌ವರ್ಡ್ ಕೂಡ ಬದಲಾಗಲಿಲ್ಲ. ಟಿವಿ, ಲ್ಯಾಪ್‌ಟಾಪ್, ಮಕ್ಕಳ ಟ್ಯಾಬ್ ಎಲ್ಲ ತಾವಾಗೇ ಕನೆಕ್ಟ್ ಆದವು. ಇದು ಗೊತ್ತಾದ ಮೇಲೆ ಹೊಸ ಮೋಡೆಮ್ ಕೊಟ್ಟಾಗಲೂ ಹಳೆ ಹೆಸರು, ಹಳೆ ಪಾಸ್‌ವರ್ಡನ್ನೇ ಹಾಕಿಸುತ್ತೇನೆ. ಅರ್ಧ ದಿನದ ಕೆಲಸ ಉಳಿಯುತ್ತದೆ.

ಇಷ್ಟು ಸುಲಭವಾಗಿ ಆಗಿದ್ದರಿಂದಲೇ ಎರಡನೇ ಸಲ ನಾನು ಎಚ್ಚರ ತಪ್ಪಿದೆ.

ಕೆಂಗೇರಿ ಉಪನಗರಕ್ಕೆ ಹೋಗಿದ್ದು 2023ರ ಜೂನ್ ಎರಡನೇ ವಾರ. ಆಷಾಢ ಬರುವ ಮುಂಚೆ ಹಾಲು ಉಕ್ಕಿಸಿಬಿಡಬೇಕು ಅಂತ ಅಮ್ಮನ ಒತ್ತಾಯ. ನಮ್ಮ ಹಾಗೇ ಯೋಚನೆ ಮಾಡುವವರು ಊರ ತುಂಬಾ ಇರುತ್ತಾರಲ್ವಾ? ಆ ವಾರ ಅವರಿಗೆ ಶಿಫ್ಟಿಂಗ್ ಕೆಲಸವೇ ಜಾಸ್ತಿ ಅಂತ ಟೆಕ್ನಿಷಿಯನ್ ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಮನೆ ನೋಡುವಾಗ ಕಂಪನಿಯ ಆಪ್‌ನಲ್ಲಿ ಪಿನ್‌ಕೋಡ್ ಹಾಕಿ ನೋಡಿದ್ದೆ. ಸೇವೆ ಲಭ್ಯ ಇದೆ ಅಂತ ತೋರಿಸಿತು. ಅದನ್ನೇ ನಂಬಿ ಮನೆಗೆ ಅಡ್ವಾನ್ಸ್ ಕೊಟ್ಟು, ಶಿಫ್ಟಿಂಗ್‌ಗೆ ದಿನಾಂಕ ಬರೆಸಿದೆ.

ಹೇಳಿದ ದಿನ ವಿಜಯನಗರದ ಲೈನ್ ಕಟ್ಟಾಯಿತು. ಅಷ್ಟು ಮಾತ್ರ ಸರಿಯಾಗಿ ಆಯಿತು. ಕೆಂಗೇರಿಗೆ ಬಂದ ಟೆಕ್ನಿಷಿಯನ್ ನಮ್ಮ ಕ್ರಾಸಿನ ಮೂಲೆಯ ಕಂಬ ಹತ್ತಿ ಬಾಕ್ಸ್ ತೆಗೆದು ನೋಡಿದರು. ಕೆಳಗಿಳಿದು, "ಮೇಡಂ, ಇದರಲ್ಲಿ ಎಂಟು ಪೋರ್ಟ್. ಎಂಟೂ ಫುಲ್" ಅಂದರು.

ಇದು ಅರ್ಥವಾಗಬೇಕಾದರೆ ಫೈಬರ್ ಹೇಗೆ ಮನೆಗೆ ಬರುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಕಂಪನಿಯ ಕೇಂದ್ರದಿಂದ ಹೊರಡುವ ಫೈಬರಿನ ಒಂದು ಎಳೆ ನಮ್ಮೊಬ್ಬರಿಗೇ ಅಲ್ಲ. ದಾರಿಯಲ್ಲಿ ಸ್ಪ್ಲಿಟರ್ ಅನ್ನುವ ಸಣ್ಣ ಡಬ್ಬಿಯಲ್ಲಿ, ನೆಟ್ ಹೊತ್ತು ಬರುವ ಅದರ ಬೆಳಕು ಹಂಚಿಹೋಗುತ್ತದೆ. ಸಾಮಾನ್ಯವಾಗಿ ಒಂದು ಎಳೆಯನ್ನು 32 ಅಥವಾ 64 ಮನೆಗಳವರೆಗೆ ಹಂಚುತ್ತಾರೆ. ಕಂಬದ ಮೇಲಿನ ಬಾಕ್ಸಿನಲ್ಲಿ ಖಾಲಿ ಪೋರ್ಟ್, ಅಂದರೆ ಹೊಸ ಲೈನ್ ಚುಚ್ಚುವ ಜಾಗ, ಇಲ್ಲದಿದ್ದರೆ ಪಕ್ಕದ ಮನೆಗೆ ನೆಟ್ ಬರುತ್ತಿದ್ದರೂ ನಮಗೆ ಬರುವುದಿಲ್ಲ. ಅಷ್ಟು ವಿವರ ಪಿನ್‌ಕೋಡಿನಲ್ಲಿ ಗೊತ್ತಾಗುವುದೇ ಇಲ್ಲ.

ಹನ್ನೊಂದು ದಿನ ನೆಟ್ ಇರಲಿಲ್ಲ. ನಾನು ಮನೆಯಿಂದ ಕೆಲಸ ಮಾಡುವವಳು. ಮೊಬೈಲ್ ಡೇಟಾದಲ್ಲಿ ಹೇಗೋ ತಳ್ಳಿದೆ. ನಾಲ್ಕನೇ ದಿನ ಒಂದು ಮೆಸೇಜ್ ಬಂತು: ನಿಮ್ಮ ಶಿಫ್ಟಿಂಗ್ ಪೂರ್ಣಗೊಂಡಿದೆ. ಆಗ ಮೋಡೆಮ್‌ನಲ್ಲಿ ಎಲ್‌ಒಎಸ್ ಅಂತ ಬರೆದಿರುವ ಕಡೆ ಕೆಂಪು ದೀಪ ಮಿಣಕ್ ಮಿಣಕ್ ಅನ್ನುತ್ತಿತ್ತು. ಬೆಳಕೇ ಬರುತ್ತಿಲ್ಲ ಅಂತ ಅದರ ಅರ್ಥ. ಆ ಮೆಸೇಜಿನ ಜೊತೆ ನನ್ನ ದೂರನ್ನೂ ಮುಚ್ಚಿದ್ದರು. ಫೋನ್ ಮಾಡಿದರೆ ಪ್ರತಿ ಸಲ ಬೇರೆಯವರು, ಪ್ರತಿ ಸಲ ಮೊದಲಿಂದ ಕಥೆ. ನಿಜಕ್ಕೂ ಅಳು ಬಂತು.

ಕೊನೆಗೆ ದಾರಿ ಸಿಕ್ಕಿದ್ದು ಮೇಲ್ಮನವಿಯಿಂದ. ಟೆಲಿಕಾಂ ಗ್ರಾಹಕರ ದೂರುಗಳಿಗೆ ಟ್ರಾಯ್ (ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) 2012ರಲ್ಲಿ ನಿಯಮ ಮಾಡಿದೆ. ಅದರ ಪ್ರಕಾರ ದೂರು ಕೊಟ್ಟಾಗ ಕಂಪನಿಯವರು ಡಾಕೆಟ್ ನಂಬರ್, ಅಂದರೆ ಆ ದೂರಿನ ಗುರುತು ಸಂಖ್ಯೆ, ಕೊಡಲೇಬೇಕು. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅವರು 39 ದಿನದೊಳಗೆ ತೀರ್ಮಾನ ಮಾಡಬೇಕು. ಟ್ರಾಯ್‌ಗೇ ನೇರ ಬರೆದರೆ ಅವರು ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ, ಇದು ತಿಳಿದಿರಲಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ನಾನು ಕೆಂಪು ದೀಪದ ಫೋಟೋ, ಪೂರ್ಣಗೊಂಡಿದೆ ಅನ್ನುವ ಮೆಸೇಜಿನ ಸ್ಕ್ರೀನ್‌ಶಾಟ್, ಮೂರು ಡಾಕೆಟ್ ನಂಬರ್ ಸೇರಿಸಿ ಮೇಲ್ ಮಾಡಿದೆ. ಎರಡು ದಿನದಲ್ಲಿ ಹೊಸ ಬಾಕ್ಸ್ ಹೊತ್ತು ಇಬ್ಬರು ಬಂದರು.

ಬಂದ ಹುಡುಗರ ಕೆಲಸ ಮಾತ್ರ ನೋಡುವಂತಿತ್ತು. ಒಬ್ಬರು ನಮ್ಮ ಹಾಲ್‌ನಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. ಕಪ್ಪು ಕೇಬಲಿನ ಸಿಪ್ಪೆ ಬಿಡಿಸಿದರೆ ಒಳಗೆ ಕೂದಲೆಳೆಯಷ್ಟು ತೆಳ್ಳಗಿನ ಗಾಜು. ಅದನ್ನು ಸ್ಪಿರಿಟ್ ಹಚ್ಚಿದ ಟಿಶ್ಯೂನಲ್ಲಿ ಒರೆಸಿದಾಗ ಕೀಚ್ ಅಂತ ಸದ್ದು ಬಂತು. ಸಣ್ಣ ಸಾಧನದಲ್ಲಿ ತುದಿ ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್ ಒಳಗೆ ಎರಡು ತುದಿ ಎದುರುಬದುರು ಇಟ್ಟು ಮುಚ್ಚಳ ಹಾಕಿದರು. ಪುಟ್ಟ ಪರದೆಯಲ್ಲಿ ಎರಡೂ ಹತ್ತಿರ ಬಂದು, ಒಂದು ಮಿಂಚು ಹೊಳೆದು, ಬೆಸುಗೆಯ ಗುರುತೇ ಇಲ್ಲದಂತೆ ಒಂದಾದವು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಏನಪ್ಪಾ, ಇಷ್ಟು ಸಣ್ಣ ದಾರದಲ್ಲಿ ಅಷ್ಟೆಲ್ಲ ಬರುತ್ತಾ?" ಅಂದರು. "ಬರೀ ಬೆಳಕಮ್ಮ, ಮಡಚಿದರೆ ನಿಂತುಬಿಡುತ್ತೆ" ಅಂದರು ಆ ಹುಡುಗ. ಬೆಳಕು ಎಷ್ಟು ಬಲವಾಗಿ ಬರುತ್ತಿದೆ ಅಂತ ಅಳೆಯುವ ಮೀಟರ್ ಹಿಡಿದು ಮೈನಸ್ 21 ಅಂತ ತೋರಿಸಿದರು. ಮೈನಸ್ 27 ದಾಟಿದರೆ ಲೈನ್ ಆಗಾಗ ಬಿದ್ದುಹೋಗುತ್ತದಂತೆ. ಅವತ್ತಿಂದ ಯಾರೇ ಬಂದು ಲೈನ್ ಜೋಡಿಸಿದರೂ ಆ ಅಂಕಿ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಮುಂದೆ ತೊಂದರೆ ಬಂದರೆ ಹೋಲಿಸಲು ಅನುಕೂಲ.

ಹಸಿರು ದೀಪ ಬಂತು, ನೆಟ್ ಬಂತು. ಫೋನ್ ಬರಲಿಲ್ಲ.

ಇಲ್ಲೇ ನಿಮಗೆ ಒಂದು ಮಾತು ಒತ್ತಿ ಹೇಳಬೇಕು. ಫೈಬರ್ ಕನೆಕ್ಷನ್‌ನಲ್ಲಿ ನೆಟ್ಟಿನ ಸೆಟ್ಟಿಂಗ್ ಬೇರೆ, ಫೋನಿನ ಸೆಟ್ಟಿಂಗ್ ಬೇರೆ. ಮೋಡೆಮ್ ಹಿಂದೆ ಫೋನಿನ ಪಿನ್ ಚುಚ್ಚುವ ಜಾಗ ಇರುತ್ತದೆ. ಅಲ್ಲಿಗೆ ನಮ್ಮ ನಂಬರನ್ನು ಕಂಪನಿಯವರು ತಮ್ಮ ಕಡೆಯಿಂದ ಸೇರಿಸಬೇಕು. ನೆಟ್ ಬಂದ ತಕ್ಷಣ ಟೆಕ್ನಿಷಿಯನ್ ಮೊಬೈಲ್‌ಗೆ ಬಂದ ಒಟಿಪಿ ಕೇಳುತ್ತಾರೆ. ಕೊಟ್ಟರೆ ಕೆಲಸ ಮುಗಿದ ಲೆಕ್ಕ. ನಾನು ಸಂಭ್ರಮದಲ್ಲಿ ಕೊಟ್ಟುಬಿಟ್ಟೆ. ರಿಸೀವರ್ ಎತ್ತಿದರೆ ಸದ್ದೇ ಇಲ್ಲ. ಅದು ಸರಿಹೋಗಲು ಇನ್ನೂ ಐದು ದಿನ. ಒಟ್ಟು ಹದಿನಾರು ದಿನ ಅಮ್ಮನ ಫೋನ್ ಸತ್ತಿತ್ತು. ದೊಡ್ಡಮ್ಮ ಗಾಬರಿಯಾಗಿ ನನ್ನ ಮೊಬೈಲಿಗೆ ದಿನಕ್ಕೆ ಮೂರು ಸಲ ಮಾಡುತ್ತಿದ್ದರು. ಅಮ್ಮನಿಗೆ ಅದರಲ್ಲಿ ಕೇಳದೆ, ಇಬ್ಬರೂ ಕೂಗಾಡಿ ಸುಸ್ತಾಗಿ ಇಡುತ್ತಿದ್ದರು. ಹಾಗಾಗಿ ರಿಸೀವರ್ ಎತ್ತಿ ಡಯಲ್ ಟೋನ್ ಕೇಳಿ, ಹೊರಗೆ ಒಂದು ಕಾಲ್ ಮಾಡಿ, ಹೊರಗಿನಿಂದ ಒಂದು ಕಾಲ್ ಮಾಡಿಸಿಕೊಂಡು, ಆಮೇಲೆ ಒಟಿಪಿ ಕೊಡಿ. ಹೊರಗೆ ಮಾಡುವಾಗ ಮೊಬೈಲ್ ನಂಬರಿನ ಮುಂದೆ 0 ಸೇರಿಸಬೇಕು. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಹಾಗೇ.

ನೆಟ್ ಇಲ್ಲದ ದಿನಗಳಿಗೂ ಬಿಲ್ ಬಂದಿತ್ತು. ಎರಡು ಸಲ ಬರೆದ ಮೇಲೆ ಮುಂದಿನ ಬಿಲ್‌ನಲ್ಲಿ ಕಳೆದರು. ಸಣ್ಣ ಮೊತ್ತವೇ, ಆದರೂ ಬಿಡಬೇಡಿ.

ಮೂರನೇ ಸಲ, ಅಂದರೆ ಮೈಸೂರಿಗೆ ಹೊರಡುವಾಗ, ಅಡ್ವಾನ್ಸ್ ಕೊಡುವ ಮುಂಚೆಯೇ ಕುವೆಂಪುನಗರದ ಆ ಬೀದಿಗೆ ಹೋಗಿ ಪಕ್ಕದ ಮನೆಯವರ ಹತ್ತಿರ ಅವರ ಏರಿಯಾ ಟೆಕ್ನಿಷಿಯನ್ ನಂಬರ್ ಕೇಳಿಕೊಂಡೆ. ಅವರು ಅವತ್ತೇ ಸಂಜೆ ಕಂಬ ಹತ್ತಿ ನೋಡಿ ಎರಡು ಪೋರ್ಟ್ ಖಾಲಿ ಇದೆ ಅಂತ ಫೋಟೋ ಕಳಿಸಿದರು. ಮನೆ ಓನರ್ ಹತ್ತಿರ ಗೋಡೆಗೆ ಒಂದು ತೂತು ಕೊರೆಯಲು ಒಪ್ಪಿಗೆಯನ್ನೂ ಆಗಲೇ ತೆಗೆದುಕೊಂಡೆ. ಹಳೆ ಮನೆಯ ಲೈನನ್ನು ಒಂದು ವಾರ ಹೆಚ್ಚಿಗೆ ಇಟ್ಟುಕೊಂಡೆವು. ಎರಡು ಕಡೆ ಬಿಲ್ ಬಂದರೂ ಅದು ಒಳ್ಳೆಯ ಖರ್ಚು. ಸಾಮಾನು ಬರುವ ಹಿಂದಿನ ದಿನವೇ ನೆಟ್ ಬಂದಿತ್ತು. ಫೋನೂ ಬಂದಿತ್ತು.

ಆದರೆ ನಂಬರ್ ಹೋಯಿತು. ಬೆಂಗಳೂರಿನ ಎಸ್‌ಟಿಡಿ ಕೋಡ್ 080, ಮೈಸೂರಿನದು 0821. ಲ್ಯಾಂಡ್‌ಲೈನ್ ನಂಬರ್ ಊರಿಗೆ ಅಂಟಿಕೊಂಡಿರುತ್ತದೆ. ಮೊಬೈಲ್ ನಂಬರಾದರೆ 2015ರ ಜುಲೈಯಿಂದ ದೇಶದ ಯಾವ ಮೂಲೆಗೆ ಹೋದರೂ, ಯಾವ ಕಂಪನಿಗೆ ಹೋದರೂ ಉಳಿಸಿಕೊಳ್ಳಬಹುದು. ಲ್ಯಾಂಡ್‌ಲೈನಿಗೆ ಆ ಸೌಕರ್ಯ ಇಲ್ಲ. ಕಂಪನಿ ಬದಲಾಯಿಸಿದರೂ ನಂಬರ್ ಹೋಗುತ್ತದೆ. ವಯಸ್ಸಾದವರು ಇರುವ ಮನೆಗಳಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಿಯಮ ಮಾಡುವವರು ಯೋಚಿಸಬೇಕು. ನನಗೆ ಇದರ ಬಗ್ಗೆ ನಿಜವಾದ ಬೇಸರವಿದೆ.

ಶಿಫ್ಟಿಂಗ್ ಅನ್ನುವ ಹೆಸರೂ ಇಲ್ಲಿ ಪೂರ್ತಿ ಸರಿಯಲ್ಲ. ಊರು ಬದಲಾದರೆ ಒಳಗೆ ಅವರು ಹಳೆ ಖಾತೆ ಮುಚ್ಚಿ ಹೊಸದು ತೆರೆಯುತ್ತಾರೆ. ನಮಗೆ ಉಳಿತಾಯವಾದದ್ದು ಇನ್‌ಸ್ಟಲೇಷನ್ ಶುಲ್ಕ ಮಾತ್ರ. ಹಳೆ ಮೋಡೆಮ್, ಅದರ ಅಡಾಪ್ಟರ್ ಎರಡನ್ನೂ ವಾಪಸ್ ಕೊಟ್ಟು, ಸೀರಿಯಲ್ ನಂಬರ್ ಬರೆಸಿ ರಸೀದಿ ತೆಗೆದುಕೊಂಡೆ. ಬ್ಯಾಂಕಿನ ಆಟೋಪೇ ಹಳೆ ಖಾತೆಗೇ ಇರುತ್ತದೆ, ಅದನ್ನು ನಾವೇ ನಿಲ್ಲಿಸಬೇಕು.

ಹಳೆ ನಂಬರ್ ಮುಚ್ಚುವ ಮುಂಚಿನ ಒಂದು ವಾರ ಅಮ್ಮ ಡೈರಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಕೆಂಗೇರಿಯ ಅದೇ ಫೋನಿನಿಂದ ಒಬ್ಬೊಬ್ಬರಿಗೇ ಮಾಡಿ ಹೊಸ ನಂಬರ್ ಎರಡೆರಡು ಸಲ ಓದಿ ಹೇಳಿದರು. ಹೇಳಿ ಮುಗಿದವರ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ. ಹೊಸ ನಂಬರ್ ಮೊದಲೇ ನಮ್ಮ ಕೈಗೆ ಸಿಕ್ಕಿದ್ದರಿಂದ ಇದಾಯಿತು. ಊರು ಬಿಡುವವರು ಹೊಸ ಊರಿನ ನಂಬರನ್ನು ಹಳೆ ಲೈನ್ ಇರುವಾಗಲೇ ಕೇಳಿ ಪಡೆಯಿರಿ, ಕೊಡುತ್ತಾರೆ.

ಇನ್ನೊಂದು ವಿಷಯ ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಹಳೆ ತಾಮ್ರದ ಲೈನಿನಲ್ಲಿ ಫೋನಿಗೆ ಬೇಕಾದ ಕರೆಂಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಇರುತ್ತಿತ್ತು. ಫೈಬರ್‌ನಲ್ಲಿ ಮೋಡೆಮ್ ಆಫ್ ಆದರೆ ಫೋನೂ ಆಫ್. ಹಾಗಾಗಿ ಮೋಡೆಮ್‌ಗೆ ಅಂತಲೇ ಒಂದು ಪುಟ್ಟ ಯುಪಿಎಸ್ ತಂದಿಟ್ಟಿದ್ದೇವೆ. ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ಇದನ್ನು ಮೊದಲ ದಿನವೇ ಮಾಡಿ.

ಅಂಕ ಕೊಡಬೇಕಾದರೆ, ದಿನನಿತ್ಯದ ನೆಟ್‌ಗೆ ಐದಕ್ಕೆ ನಾಲ್ಕೂವರೆ. ಆರು ವರ್ಷದಲ್ಲಿ ದೊಡ್ಡ ತೊಂದರೆ ಬಂದದ್ದು ಕಡಿಮೆ. ಕೈಯಿಂದ ಕೆಲಸ ಮಾಡುವ ಟೆಕ್ನಿಷಿಯನ್‌ಗಳಿಗೆ ಐದಕ್ಕೆ ಐದು. ಕಾಲ್ ಸೆಂಟರಿಗೆ ಎರಡು. ಮತ್ತೆ ಮನೆ ಬದಲಾಯಿಸಿದರೆ ಇದೇ ಕಂಪನಿಯನ್ನು ಇಟ್ಟುಕೊಳ್ಳುತ್ತೇನಾ? ಕಂಬದ ಬಾಕ್ಸಿನಲ್ಲಿ ಜಾಗ ಇದ್ದು, ಊರು ಇದೇ ಆಗಿದ್ದರೆ ಖಂಡಿತ. ಅಮ್ಮನಿಗೆ ಈಗಷ್ಟೇ ಹೊಸ ನಂಬರ್ ಬಾಯಿಪಾಠ ಆಗಿದೆ. ದೊಡ್ಡಮ್ಮನಿಗೂ ಆಗಿದೆ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಫೋನ್ ಬರುತ್ತಿದೆ.