ಪೇಜ್‌ಮೇಕರ್‌ಗಾಗಿ ಎಕ್ಸ್‌ಪಿ: ವರ್ಚುವಲ್‌ಬಾಕ್ಸೋ, ವಿಎಂವೇರೋ, ಹೈಪರ್-ವಿಯೋ?

ಗದಗ-ಬೆಟಗೇರಿಯ ಎಷ್ಟೋ ಪ್ರೆಸ್ಸುಗಳಿಗೆ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಿಡಲಾಗುತ್ತಿಲ್ಲ. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಪಂಚಾಂಗ, ಬಿಲ್‌ಬುಕ್ಕುಗಳೆಲ್ಲ ಅದರ ಫೈಲುಗಳಲ್ಲೇ ಇವೆ. ಅದರ ಬದಲಿಗೆ ಬಂದ ಇನ್‌ಡಿಸೈನ್‌ನಲ್ಲಿ ಸಿಎಸ್6ರ ನಂತರದ ಆವೃತ್ತಿಗಳು ಅವನ್ನು ತೆರೆಯುವುದಿಲ್ಲ. ಹಳೆಯ ಮಶೀನು ಕೈಕೊಟ್ಟರೆ ಹೊಸದರೊಳಗೆ ವರ್ಚುವಲ್ ಮಶೀನು, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಕಟ್ಟಿ, ಅದರಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಓಡಿಸಬೇಕು. ಹಾಗೆ ಕಟ್ಟಿಕೊಡುವ ತಂತ್ರಾಂಶಗಳೇ ಮೇಲಿನ ಮೂರು. 8 ಜಿಬಿ ರ‍್ಯಾಮಿನ ಐ3 ಮಶೀನಿನ ಲೆಕ್ಕದಲ್ಲಿ ಹೇಳುವುದಾದರೆ ನನ್ನ ಓಟು ವರ್ಚುವಲ್‌ಬಾಕ್ಸ್‌ಗೆ.

ಹೈಪರ್-ವಿ ವಿಂಡೋಸ್ ಹೋಮ್‌ನಲ್ಲಿ ಸಿಗುವುದಿಲ್ಲ. ಪ್ರೊ ಇದ್ದರೂ ಯುಎಸ್‌ಬಿ ಡಾಂಗಲ್ಲನ್ನು (ತಂತ್ರಾಂಶ ತೆರೆಯಲು ಬೀಗದ ಕೈಯಂತೆ ಚುಚ್ಚುವ ಕಡ್ಡಿ) ಎಕ್ಸ್‌ಪಿಯೊಳಗೆ ನೇರವಾಗಿ ಕೊಡಲು ಬರುವುದಿಲ್ಲ. ಡಾಂಗಲ್ ಬೇಡುವ ಕನ್ನಡ ತಂತ್ರಾಂಶ ಇದ್ದವರು ಇದನ್ನು ಮರೆತುಬಿಡಿ.

ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರ್‌ನಿಂದ ವ್ಯಾಪಾರಕ್ಕೂ ಉಚಿತ. ಪರದೆ ಇದರಲ್ಲೇ ಹೆಚ್ಚು ನಯ. ಆದರೆ ಇಳಿಸಿಕೊಳ್ಳಲು ಬ್ರಾಡ್‌ಕಾಮ್‌ನಲ್ಲಿ ಖಾತೆ ತೆರೆಯಬೇಕು. ಎಕ್ಸ್‌ಪಿಯೊಳಗೆ ಪರದೆ, ಮೌಸು ಸರಿಯಾಗಿ ಓಡಲು ಬೇಕಾದ ವಿಎಂವೇರ್ ಟೂಲ್ಸ್ 10.0.12 ಆವೃತ್ತಿಯದು, ಅದರ ಐಎಸ್‌ಒ (ಡಿಸ್ಕಿನ ಪ್ರತಿಯಿರುವ ಫೈಲು) ಬೇರೆಯಾಗಿ ಹುಡುಕಿ ಹಾಕಬೇಕು. ವರ್ಚುವಲ್‌ಬಾಕ್ಸ್ 7.0ರಲ್ಲಿ ಎಲ್ಲ ಒಂದೇ ಕಟ್ಟಿನಲ್ಲಿ ಬರುತ್ತದೆ. ಟೂಲ್ಸ್‌ನಂಥದೇ ಕೆಲಸ ಮಾಡುವ ಗೆಸ್ಟ್ ಅಡಿಷನ್ಸ್ ಜೊತೆಗೇ ಇದೆ, ಯುಎಸ್‌ಬಿ 2.0ಗಾಗಿ ಮೊದಲು ಬೇಕಿದ್ದ ಎಕ್ಸ್‌ಟೆನ್ಷನ್ ಪ್ಯಾಕ್ ಈಗ ಬೇಡ. ಆ ಪ್ಯಾಕಿನ ಉಚಿತ ಪರವಾನಗಿ ಅಂಗಡಿಯ ಬಳಕೆಗೆ ಸಲ್ಲುವುದಿಲ್ಲವಾದ್ದರಿಂದ ಇದು ದೊಡ್ಡ ಅನುಕೂಲ.

ವರ್ಚುವಲ್ ಮಶೀನು ಕಟ್ಟುವಾಗ ಎಕ್ಸ್‌ಪಿ 32-ಬಿಟ್ ಆರಿಸಿ, 1 ಜಿಬಿ ರ‍್ಯಾಮ್, 1 ಸಿಪಿಯು, 20 ಜಿಬಿ ಡಿಸ್ಕ್ ಕೊಡಿ. ಡಿಸ್ಕ್ ಕಂಟ್ರೋಲರ್ ಐಡಿಇ ಇರಲಿ. ವೇಗದ ಆಸೆಗೆ ಸಾಟಾ ಮಾಡಿದರೆ ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಇಲ್ಲದೆ 7ಬಿ ಸಂಖ್ಯೆಯ ನೀಲಿ ಪರದೆ ಬರುತ್ತದೆ.

ಕಾಡುವುದು ಡಾಂಗಲ್. ಅದನ್ನು ಚುಚ್ಚಿದ ಕ್ಷಣ ಹೊರಗಿನ ವಿಂಡೋಸೇ ಹಿಡಿದುಕೊಳ್ಳುತ್ತದೆ. ಒಳಗಿನ ತಂತ್ರಾಂಶ 'ಲಾಕ್ ಸಿಗಲಿಲ್ಲ' ಎನ್ನುತ್ತದೆ. ಮೊದಲು ಎಕ್ಸ್‌ಪಿಯೊಳಗೆ ಡಾಂಗಲ್‌ನ ಡ್ರೈವರ್ ಹಾಕಿ. ಎಕ್ಸ್‌ಪಿ ಬಂದ್ ಮಾಡಿ, ಸೆಟ್ಟಿಂಗ್ಸ್‌ನ ಯುಎಸ್‌ಬಿ ಪುಟದಲ್ಲಿ 2.0 ಆರಿಸಿ. 3.0 ಬೇಡ, ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಇಲ್ಲ. ನಂತರ ಡಾಂಗಲ್ ಚುಚ್ಚಿ, ಪಕ್ಕದ ಪ್ಲಸ್ ಗುರುತು ಒತ್ತಿ ಅದರ ಫಿಲ್ಟರ್ (ಯಾವ ಯುಎಸ್‌ಬಿಯನ್ನು ಒಳಗೆ ಎಳೆಯಬೇಕೆಂಬ ಗುರುತು) ಸೇರಿಸಿ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಮರುದಿನ ಚುಚ್ಚಿದಾಗ ಮತ್ತೆ ಅದೇ ಸಂದೇಶ ಬರಬಹುದು. ಫಿಲ್ಟರ್‌ನಲ್ಲಿ ತಾನೇ ತುಂಬಿಕೊಂಡ ಪ್ರತಿ ಖಾನೆಯೂ ಹೊಂದಬೇಕು, ಇಲ್ಲವಾದರೆ ಅದು ಹಿಡಿಯುವುದಿಲ್ಲ. ಫಿಲ್ಟರ್ ಮೇಲೆ ಡಬಲ್ ಕ್ಲಿಕ್ ಮಾಡಿ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಎರಡನ್ನೇ ಉಳಿಸಿ ರಿವಿಷನ್, ಸೀರಿಯಲ್ ಮುಂತಾದ ಉಳಿದವನ್ನೆಲ್ಲ ಅಳಿಸಿಬಿಡಿ. ಆದರೆ ಎಲ್ಲ ಖಾನೆಯನ್ನೂ ಖಾಲಿ ಬಿಡಬೇಡಿ. ಖಾಲಿ ಫಿಲ್ಟರ್ ಚುಚ್ಚಿದ ಯುಎಸ್‌ಬಿಯನ್ನೆಲ್ಲ, ಕೀಬೋರ್ಡು-ಮೌಸನ್ನೂ ಸೇರಿಸಿ, ಒಳಗೆ ಎಳೆಯುತ್ತದೆ. ಕೊನೆಗೆ ಎಕ್ಸ್‌ಪಿ ಪೂರ್ತಿ ಏಳುವವರೆಗೆ ಕಾದು ಡಾಂಗಲ್ ತೆಗೆದು ಮತ್ತೆ ಚುಚ್ಚಿ. ನೀಲಿ ಬಣ್ಣದ 3.0 ಪೋರ್ಟಿನಲ್ಲಿ ಹಳೆಯ ಡಾಂಗಲ್ ಸತಾಯಿಸಿದರೆ ನಡುವೆ 2.0 ಹಬ್ ಹಾಕಿ ನೋಡಿ.

ವಿಎಂವೇರ್‌ನಲ್ಲಿ ಈ ಕೆಲಸ ಮೆನುವಿನ ರಿಮೂವಬಲ್ ಡಿವೈಸಸ್‌ನಿಂದ ಆಗುತ್ತದೆ. ಪಟ್ಟಿಯಲ್ಲಿ ಡಾಂಗಲ್ ಕಾಣದಿದ್ದರೆ ಸರ್ವಿಸಸ್‌ಗೆ ಹೋಗಿ ಅದರ ಯುಎಸ್‌ಬಿ ಆರ್ಬಿಟ್ರೇಷನ್ ಸೇವೆ ಓಡುತ್ತಿದೆಯೇ ನೋಡಿ. ಇಷ್ಟರ ಮಟ್ಟಿಗೆ ಅದು ಸುಲಭವೇ, ಒಪ್ಪುತ್ತೇನೆ.

ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಹಸಿರು ಆಮೆ ಕಂಡರೆ ಹೊರಗೆ ಹೈಪರ್-ವಿ ಚಾಲೂ ಇದೆ ಎಂದರ್ಥ, ಎಕ್ಸ್‌ಪಿ ತೆವಳುತ್ತದೆ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ, ವರ್ಚುವಲ್ ಮಶೀನ್ ಪ್ಲಾಟ್‌ಫಾರ್ಮ್ ಟಿಕ್ ತೆಗೆದು, ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಬಂದ್ ಮಾಡಿ ರೀಸ್ಟಾರ್ಟ್ ಮಾಡಿ. ಮೆಮೊರಿ ಇಂಟೆಗ್ರಿಟಿ ಹೊರಗಿನ ವಿಂಡೋಸಿನ ಒಂದು ಕಾವಲು, ಆಮೆ ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ನೆಟ್‌ವರ್ಕ್ ಅಡಾಪ್ಟರ್ ತೆಗೆದೇ ಬಿಡಿ. ಫೈಲು ಓಡಾಡಲು ಶೇರ್ಡ್ ಫೋಲ್ಡರ್ ಇದೆ. ಪೇಜ್‌ಮೇಕರ್‌ನಿಂದ ಪೋಸ್ಟ್‌ಸ್ಕ್ರಿಪ್ಟ್ ಫೈಲಾಗಿ ಅಲ್ಲಿಗೆ ಪ್ರಿಂಟ್ ಕೊಟ್ಟು ಹೊರಗೆ ಪಿಡಿಎಫ್ ಮಾಡಿಕೊಳ್ಳಿ. ಎಲ್ಲ ಸರಿಯಾದ ಮೇಲೆ ಒಂದು ಸ್ನ್ಯಾಪ್‌ಶಾಟ್ (ಎಕ್ಸ್‌ಪಿ ಆ ಹೊತ್ತಿಗೆ ಇದ್ದಂತೆ ಉಳಿಸುವ ಪ್ರತಿ) ತೆಗೆಯಿರಿ. ಗಿರಾಕಿಗಳ ಫೈಲು ಮಾತ್ರ ಎಕ್ಸ್‌ಪಿಯ ಡಿಸ್ಕಿನಲ್ಲಿ ಇಡಬೇಡಿ. ಸ್ನ್ಯಾಪ್‌ಶಾಟಿಗೆ ಹಿಂದಿರುಗಿದರೆ ನಂತರ ಮಾಡಿದ ಕೆಲಸವೆಲ್ಲ ಹೋಗುತ್ತದೆ. ಕರೆಂಟ್ ಹೋಗಿ ಯುಪಿಎಸ್ ಕೂಗಿದರೆ ಕಿಟಕಿ ಮುಚ್ಚಿ 'ಸೇವ್ ಸ್ಟೇಟ್' ಕೊಡಿ. ಕರೆಂಟ್ ಬಂದ ಮೇಲೆ ಪುಟ ಬಿಟ್ಟಲ್ಲಿಂದಲೇ ತೆರೆಯುತ್ತದೆ.

ಡಾಂಗಲ್ ಗೊಡವೆ ಇಲ್ಲದೆ 'ನುಡಿ' ತಂತ್ರಾಂಶದಲ್ಲೇ ಕನ್ನಡ ಟೈಪ್ ಮಾಡುವವರು, 16 ಜಿಬಿ ರ‍್ಯಾಮ್ ಇದ್ದವರು ವಿಎಂವೇರ್ ಹಾಕಿಕೊಳ್ಳಬಹುದು. ಡಾಂಗಲ್ ಇದ್ದು ಮಶೀನು ಸೆಕೆಂಡ್ ಹ್ಯಾಂಡ್ ಐ3 ಆಗಿದ್ದರೆ ವರ್ಚುವಲ್‌ಬಾಕ್ಸೇ ಹಾಕಿ.