ಆಳ ಒಂದೇ, ಹೊಳಪು ಬೇರೆ: ದೊಡ್ಡ ಸ್ಟೆಪ್ ಕಟ್ ವಜ್ರಗಳ ಹೋಲಿಕೆ

ಎರಡು ಎಮರಾಲ್ಡ್ ಕಟ್ ವಜ್ರಗಳು, ಅಂದರೆ ಆಯತಾಕಾರದವು, ಮುಖಗಳನ್ನು ಮೆಟ್ಟಿಲಿನ ಹಾಗೆ ಸಾಲುಸಾಲಾಗಿ ಕತ್ತರಿಸಿದ ಸ್ಟೆಪ್ ಕಟ್. ಎರಡೂ 5 ಕ್ಯಾರೆಟ್‌ಗಿಂತ ಚೂರು ಜಾಸ್ತಿ. ಎರಡರ ಸರ್ಟಿಫಿಕೇಟಲ್ಲೂ ಒಟ್ಟು ಆಳ ಅಗಲದ ಶೇ 67. ಟೇಬಲ್, ಅಂದರೆ ಮೇಲಿನ ಚಪ್ಪಟೆ ಮುಖ, ಒಂದರದ್ದು ಶೇ 61, ಇನ್ನೊಂದರದ್ದು ಶೇ 62. ಬಣ್ಣ, ಕ್ಲಾರಿಟಿ ಎರಡೂ ಅಕ್ಕಪಕ್ಕದ ಗ್ರೇಡೇ. ಕಾಗದ ನಂಬಿದರೆ ಯಾವುದನ್ನು ಎತ್ತಿಕೊಂಡರೂ ಒಂದೇ. ವಜ್ರದ ವ್ಯಾಪಾರದಲ್ಲಿರುವ ಸ್ನೇಹಿತರೊಬ್ಬರ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಒಂದು ಲಕಲಕ ಅನ್ನುತ್ತಿತ್ತು, ಇನ್ನೊಂದು ಮಂಕಾಗಿತ್ತು. ಹೋಲಿಕೆಗೆ ಇರಲಿ ಅಂತ ಇನ್ನೂ ಎರಡನ್ನು ಸೇರಿಸಿಕೊಂಡೆ: ಅಗಲ ಟೇಬಲ್ಲಿನ ಒಂದು ಚಪ್ಪಟೆ ಎಮರಾಲ್ಡ್, ಮತ್ತೆ ಒಂದು ಆಷರ್, ಅಂದರೆ ಚೌಕದ ಸ್ಟೆಪ್ ಕಟ್.

ಮೊದಲ ಎರಡರ ಗುಟ್ಟು ಅಳತೆಯ ಮೆಷಿನ್‌ಗೆ ಹಾಕಿದಾಗ ಗೊತ್ತಾಯಿತು. ಒಂದರ ಕ್ರೌನ್, ಅಂದರೆ ಕಲ್ಲಿನ ಸುತ್ತಲಿನ ಅತಿ ಅಗಲದ ಅಂಚಾದ ಗರ್ಡಲ್‌ನಿಂದ ಮೇಲಿನ ಭಾಗ, ಶೇ 15 ಎತ್ತರ. ಇನ್ನೊಂದರದ್ದು ಬರೀ ಶೇ 9. ಮೇಲೆ ಇಲ್ಲದ ಎತ್ತರವೆಲ್ಲ ಕೆಳಗೆ, ಪೆವಿಲಿಯನ್‌ನಲ್ಲಿ ಹೊಟ್ಟೆಯಾಗಿ ತುಂಬಿಕೊಂಡಿತ್ತು. ಒಟ್ಟು ಆಳ ಎಷ್ಟು ಅಂತ ಸರ್ಟಿಫಿಕೇಟ್ ಹೇಳುತ್ತದೆ, ಆ ಆಳ ಎಲ್ಲಿದೆ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ಚಿಕ್ಕ ಚಿಕ್ಕ ಮುಖಗಳ ದುಂಡನೆಯ ಬ್ರಿಲಿಯಂಟ್‌ಗೆ ಕೊಡುವ ಕಟ್ ಗ್ರೇಡನ್ನು, ವಜ್ರ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಜಿಐಎ ಎಮರಾಲ್ಡ್‌ಗೆ ಕೊಡುವುದೂ ಇಲ್ಲ. ಪಾಲಿಶ್ ಎಕ್ಸಲೆಂಟ್, ಸಿಮೆಟ್ರಿ ಎಕ್ಸಲೆಂಟ್ ಅಂತ ಇರುತ್ತದೆ, ಅದನ್ನೇ ಕಟ್ ಚೆನ್ನಾಗಿದೆ ಅಂತ ಓದಿಕೊಳ್ಳುವವರು ಬಹಳ.

ಎತ್ತರ ಕ್ರೌನ್‌ನ ಕಲ್ಲನ್ನು ಚಿಮಟದಲ್ಲಿ ಹಿಡಿದು, ಕಿಟಕಿಯ ತಂಪು ಬೆಳಕಲ್ಲಿ ಒಂದಿಷ್ಟೇ ಓರೆ ಮಾಡಿದೆ. ಒಳಗೆ ಒಂದು ಪಟ್ಟೆ ಪೂರ್ತಿ ಬೆಳ್ಳಗಾಯಿತು, ಪಕ್ಕದ್ದು ಕಪ್ಪಾಯಿತು. ಇನ್ನೊಂದು ಚೂರು ತಿರುಗಿಸಿದರೆ ಅದಲು ಬದಲು. ನೀರು ತುಂಬಿದ ಕಲ್ಯಾಣಿಯ ಮೆಟ್ಟಿಲುಗಳನ್ನು ಮೇಲಿಂದ ಬಗ್ಗಿ ನೋಡಿದ ಹಾಗೆ, ಒಂದರ ಕೆಳಗೊಂದು ಸಾಲು. ಮೇಜಿನ ದೀಪದ ಕೆಳಗೆ ಹಿಡಿದಾಗ ಕ್ರೌನ್‌ನ ಅಂಚಲ್ಲಿ ಕೆಂಪು, ನೀಲಿ ಗೆರೆಗಳು ಉದ್ದಕ್ಕೆ ಹರಿದವು. ಕ್ರೌನ್‌ನ ಮುಖಗಳು ಓರೆಯಾಗಿದ್ದಷ್ಟೂ ಬೆಳಕು ಹೊರಗೆ ಬರುವಾಗ ಬಣ್ಣಗಳಾಗಿ ಚೆನ್ನಾಗಿ ಒಡೆಯುತ್ತದೆ. ಸ್ಟೆಪ್ ಕಟ್‌ನಲ್ಲಿ ಬಣ್ಣದ ಮಿಂಚು ಇರುವುದಿಲ್ಲ ಅನ್ನುವವರು ಹೆಚ್ಚಾಗಿ ಚಪ್ಪಟೆ ಕ್ರೌನ್‌ನವನ್ನೇ ನೋಡಿರುತ್ತಾರೆ.

ಹೊಟ್ಟೆ ಕಲ್ಲಿನ ನಡುಭಾಗ ಪರವಾಗಿಲ್ಲ. ಆದರೆ ಗರ್ಡಲ್ ಹತ್ತಿರ ಸುತ್ತಲೂ ಒಂದು ಬೂದು ಪಟ್ಟಿ. ಹೇಗೆ ತಿರುಗಿಸಿದರೂ ಅದು ಬೆಳಗಲೇ ಇಲ್ಲ. ಕಾರಣ ಕೋನದ್ದು. ವಜ್ರದೊಳಗಿನ ಬೆಳಕು ಗೋಡೆಯ ಲಂಬಕ್ಕೆ ಸುಮಾರು 24.4 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಬಡಿದರೆ ಪೂರ್ತಿ ಒಳಗೇ ತಿರುಗುತ್ತದೆ, ಕಡಿಮೆಯಾದರೆ ಹೊರಗೆ ಸೋರುತ್ತದೆ. ನೇರ ಕೆಳಗಿಳಿದ ಬೆಳಕು 41 ಡಿಗ್ರಿ ಇಳಿಜಾರಿನ ಗೋಡೆಗೆ ತಾಗಿತು ಅನ್ನಿ. ಎದುರಿನ ಗೋಡೆಯೂ ಅಷ್ಟೇ ಇಳಿಜಾರಾಗಿದ್ದರೆ ಅಲ್ಲಿ 57 ಡಿಗ್ರಿಯಲ್ಲಿ ಬಡಿದು ಮತ್ತೆ ಮೇಲೆ ಬರುತ್ತದೆ. ಎರಡೂ ಗೋಡೆ 55 ಡಿಗ್ರಿಯಷ್ಟು ಕಡಿದಾದರೆ ಎರಡನೇ ಪೆಟ್ಟು ಬರೀ 15 ಡಿಗ್ರಿಯದ್ದು. ಬೆಳಕು ಹಿಂಬದಿಯಿಂದ ಹೋಯಿತು ಅಂತಲೇ ಲೆಕ್ಕ. ಸ್ಟೆಪ್ ಕಟ್‌ನ ಪೆವಿಲಿಯನ್‌ನಲ್ಲಿ ಸಾಮಾನ್ಯವಾಗಿ ಮೂರು ಸಾಲು ಇರುತ್ತವೆ, ಗರ್ಡಲ್ ಹತ್ತಿರದ್ದೇ ಎಲ್ಲಕ್ಕಿಂತ ಕಡಿದು. ತೂಕ ಉಳಿಸಬೇಕು ಅಂತ ಅದನ್ನು ಇನ್ನೂ ಕಡಿದು ಮಾಡಿದರೆ ಬರುವುದು ಈ ಬೂದು ಪಟ್ಟಿ.

1 ಕ್ಯಾರೆಟ್ ಕಲ್ಲಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕಲ್ಲು ದೊಡ್ಡದಾದರೂ ಮುಖಗಳ ಸಂಖ್ಯೆ ಹೆಚ್ಚುವುದಿಲ್ಲ, ಪ್ರತಿ ಮುಖವೂ ಅಗಲವಾಗುತ್ತದೆ ಅಷ್ಟೇ. 5 ಕ್ಯಾರೆಟ್‌ಗೆ ಬಂದಾಗ ಪ್ರತಿ ಪಟ್ಟೆಯನ್ನೂ ಬರಿಗಣ್ಣಲ್ಲಿ ಬೇರೆ ಬೇರೆಯಾಗಿ ನೋಡಬಹುದು. ಒಂದು ಸಾಲು ಸತ್ತಿದ್ದರೆ ಅದೂ ಕಾಣುತ್ತದೆ, ಒಂದು ಗೆರೆ ಸೊಟ್ಟಗಿದ್ದರೆ ಅದೂ ಕಾಣುತ್ತದೆ. ಬ್ರಿಲಿಯಂಟ್‌ನ ಚೂರುಚೂರು ಮಿಂಚು ಎಷ್ಟೋ ತಪ್ಪನ್ನು ಮುಚ್ಚಿಹಾಕುತ್ತದೆ, ಇಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ.

ಚಪ್ಪಟೆ ಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೇಬಲ್ ಶೇ 74, ಆಳ ಶೇ 61. ಮೊದಲ ನೋಟಕ್ಕೆ ಇದೇ ದೊಡ್ಡದು, ಯಾರಿಗಾದರೂ ಆಸೆಯಾಗುತ್ತದೆ. ನೇರವಾಗಿ ನೋಡಿದರೆ ನನ್ನ ತಲೆಯ ನೆರಳೇ ಒಳಗೆ ಕಪ್ಪಾಗಿ ಕೂತಿತ್ತು. ಸ್ವಲ್ಪ ಓರೆ ಮಾಡಿದರೆ ಟೇಬಲ್ಲಿನ ಮೂಲಕ ಕೆಳಗಿನ ಕಾಗದದ ಗೆರೆ ಕಂಡಿತು. ಪೆವಿಲಿಯನ್‌ನ ಬುಡ ತೀರಾ ಚಪ್ಪಟೆಯಾದರೆ ಹೀಗೇ, ವಜ್ರ ಗಾಜಿನ ತುಂಡಾಗುತ್ತದೆ. ಹಾಗಂತ ಆಳ ಜಾಸ್ತಿ ಇದ್ದರೆ ಒಳ್ಳೆಯದು ಅಂತಲೂ ಅಲ್ಲ. ತೂಕ ಮತ್ತು ಉಳಿದ ಆಕಾರ ಹಾಗೇ ಇದ್ದು ಆಳ ಮಾತ್ರ ಶೇ 63ರಿಂದ 75ಕ್ಕೆ ಏರಿದರೆ, ಮೇಲಿಂದ ಕಾಣುವ ವಿಸ್ತೀರ್ಣ ಸುಮಾರು ಶೇ 11 ಕಮ್ಮಿಯಾಗುತ್ತದೆ. ಕೊಟ್ಟ ದುಡ್ಡು ಕಾಣದ ಜಾಗದಲ್ಲಿ ಕೂತಿರುತ್ತದೆ.

ಆಷರ್ ಮಾತ್ರ ನನ್ನನ್ನು ತುಂಬ ಹೊತ್ತು ಕಟ್ಟಿಹಾಕಿತು. 1902ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಜೋಸೆಫ್ ಆಷರ್ ರೂಪಿಸಿದ ಚೌಕ ಕಟ್ ಇದು. ಮೂಲೆಗಳನ್ನು ಅಗಲಕ್ಕೆ ಕತ್ತರಿಸಿರುತ್ತಾರೆ, ಕ್ರೌನ್ ಎತ್ತರ, ಟೇಬಲ್ ಚಿಕ್ಕದು. ರಿಚರ್ಡ್ ಬರ್ಟನ್ 1968ರಲ್ಲಿ ಎಲಿಜಬೆತ್ ಟೇಲರ್‌ಗೆ ಕೊಡಿಸಿದ 33.19 ಕ್ಯಾರೆಟ್ ವಜ್ರವೂ ಆಷರ್ ಕಟ್ಟೇ. ನಾನು ನೋಡಿದ ಕಲ್ಲಲ್ಲಿ ನಾಲ್ಕು ಮೂಲೆಯಿಂದ ಗೆರೆಗಳು ನಡುವಿನ ಒಂದೇ ಬಿಂದುವಿಗೆ ಬಂದು ಸೇರುತ್ತಿದ್ದವು. ಒಳಗೆ ಚೌಕದೊಳಗೆ ಚೌಕ, ಅದರೊಳಗೆ ಮತ್ತೊಂದು. ಉದ್ದ ಎಮರಾಲ್ಡ್‌ನಲ್ಲಿ ಕೂದಲೆಳೆಯ ವ್ಯತ್ಯಾಸ ದಾಟಿಹೋಗಬಹುದು, ಇಲ್ಲಿ ಗೆರೆ ಸ್ವಲ್ಪ ತಪ್ಪಿದರೂ ಇಡೀ ಚಿತ್ರ ಕೆಡುತ್ತದೆ. ಎರಡು ತಕರಾರು ಹೇಳಲೇಬೇಕು: ಅದೇ ತೂಕದ ಎಮರಾಲ್ಡ್ ಪಕ್ಕ ಇದು ಪುಟ್ಟದಾಗಿ ಕಾಣುತ್ತದೆ, ಮತ್ತೆ ಕಲ್ಲಲ್ಲಿ ಹಳದಿ ಛಾಯೆ ಇದ್ದರೆ ಮೂಲೆಗಳಲ್ಲಿ ಅದು ಗಟ್ಟಿಯಾಗಿ ತೋರುತ್ತದೆ. ಕೂತು ನೋಡುವುದಕ್ಕೆ ಆಷರ್. ಬೆರಳಿಗೆ ಹಾಕಿಕೊಳ್ಳುವುದಕ್ಕೆ ನನ್ನ ಓಟು ಎತ್ತರ ಕ್ರೌನ್‌ನ ಎಮರಾಲ್ಡ್‌ಗೇ, ಉದ್ದ ಅಗಲದ ಅನುಪಾತ 1.4ರ ಆಸುಪಾಸಿನದ್ದಾದರೆ ಇನ್ನೂ ಖುಷಿ.

ನೋಡುವ ಬೆಳಕಿನ ವಿಷಯದಲ್ಲಿ ಒಂದು ಮಾತು. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ನಾಲ್ಕೂ ಕಲ್ಲು ಚೆನ್ನಾಗಿಯೇ ಕಂಡವು, ಹೊಟ್ಟೆ ಕಲ್ಲು ಕೂಡ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಕೈಯಳತೆ ದೂರದಲ್ಲಿ ಹಿಡಿದರೆ ನಿಜ ತಿಳಿಯುತ್ತದೆ. ಅದಕ್ಕೂ ಮುಂಚೆ ಕಲ್ಲಿನ ಹಿಂಬದಿ ಒರೆಸಿ. ಬೆರಳಿನ ಜಿಡ್ಡು ಅಂಟಿದ್ದರೆ ಒಳ್ಳೆ ಕಟ್ ಕೂಡ ಮಂಕಾಗಿ ಕಾಣುತ್ತದೆ.

ಹೊಟ್ಟೆ ಕಲ್ಲನ್ನು ಮತ್ತೆ ಕತ್ತರಿಸಿ ಸರಿ ಮಾಡಬಹುದಲ್ವಾ ಅಂತ ಸ್ನೇಹಿತರನ್ನು ಕೇಳಿದೆ. "ಮಾಡಬಹುದು, ಕಷ್ಟವೇನಿಲ್ಲ. ಆದರೆ ತೂಕ 5ರ ಕೆಳಗೆ ಇಳಿಯುತ್ತೆ. ಆ ಗೆರೆ ದಾಟಿ ಇಳಿದರೆ ಪ್ರತಿ ಕ್ಯಾರೆಟ್‌ನ ರೇಟೇ ಬೇರೆ, ಯಾರು ಮಾಡಿಸ್ತಾರೆ?" ಅಂದವರು ಅದನ್ನು ಹಾಗೇ ಕಾಗದದಲ್ಲಿ ಮಡಚಿಟ್ಟರು.